ಇಂಜಿನ್ ಬಿಚ್ಚುವ ಮುನ್ನ: ಕಂಪ್ರೆಷನ್ ಪರೀಕ್ಷೆಯ ಕ್ರಮವೂ ಫಲವಿಚಾರವೂ

ಹಲವು ವರ್ಷ ನಿಷ್ಠೆಯಿಂದ ದುಡಿದ ವಾಹನವೊಂದು ಕ್ರಮೇಣ ತನ್ನ ಸತ್ವವನ್ನು ಕಳೆದುಕೊಳ್ಳತೊಡಗಿದಾಗ, ಎಂದರೆ ಮೂರನೆಯ ಗೇರಿನಲ್ಲಿಯೇ ನಿರಾಯಾಸವಾಗಿ ಹತ್ತುತ್ತಿದ್ದ ಘಾಟಿಯ ಏರಿಗೆ ಎರಡನೆಯ ಗೇರೂ ಸಾಲದೆ ಬಂದಾಗ, ಮುಂಜಾನೆಯ ಚಳಿಯಲ್ಲಿ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ಹಿಡಿಯದೆ ಹೋದಾಗ, ನಿಂತಲ್ಲಿಯೇ ಮಿಸ್ ಹೊಡೆಯುತ್ತ ಗಾಡಿಯೆಲ್ಲ ನಡುಗಿದಾಗ, ಗ್ಯಾರೇಜಿನ ಬಾಗಿಲಲ್ಲಿ ಅದರ ಒಡೆಯನಿಗೆ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ: “ಕಂಪ್ರೆಷನ್ ಹೋಗಿದೆ ಸಾರ್, ಇಂಜಿನ್ ಇಳಿಸಬೇಕು.”

ಈ ನಿರ್ಣಯ ಎಷ್ಟೋ ಸಂದರ್ಭಗಳಲ್ಲಿ ಯಥಾರ್ಥವೇ ಆಗಿರುತ್ತದೆ. ಅನುಭವಶಾಲಿಯಾದ ಮೆಕ್ಯಾನಿಕ್ಕನ ಕಿವಿಗೂ ಕೈಗೂ ಮಾತ್ರ ಎಟುಕುವ ಸೂಕ್ಷ್ಮಗಳು ಅನೇಕವುಂಟು. ಅವನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಶಕ್ತಿಹೀನತೆ, ಕಂಪನ, ಹೊಗೆ ಮೊದಲಾದ ಲಕ್ಷಣಗಳು ಒಂದೇ ಕಾರಣಕ್ಕೆ ಕಟ್ಟುಬಿದ್ದವಲ್ಲ. ಸವೆದ ಪ್ಲಗ್ಗು, ಧೂಳು ಕಟ್ಟಿದ ಏರ್ ಫಿಲ್ಟರು, ಸೋರುವ ಇಂಜೆಕ್ಟರು, ಜಾರುವ ಕ್ಲಚ್ಚು ಇವುಗಳಲ್ಲಿ ಪ್ರತಿಯೊಂದೂ ಇವೇ ಲಕ್ಷಣಗಳಲ್ಲಿ ಒಂದನ್ನೋ ಎರಡನ್ನೋ ತೋರಬಲ್ಲುದು. ಹೆಡ್ಡನ್ನು ಒಮ್ಮೆ ಇಳಿಸಿದ ಮೇಲೆ, ದೋಷ ಅಲ್ಲಿರಲಿ ಇಲ್ಲದಿರಲಿ, ಗ್ಯಾಸ್ಕೆಟ್ಟುಗಳನ್ನು ಹೊಸದಾಗಿ ಹಾಕಲೇಬೇಕು, ಕೂಲಿಯನ್ನು ಕೊಡಲೇಬೇಕು, ಕಾರ್ಖಾನೆಯಲ್ಲಿ ಜೋಡಿಸಿದ್ದ ಬಿಗಿ ಅದೇ ಪ್ರಮಾಣದಲ್ಲಿ ಮರಳಿ ಬರುವುದೆಂಬ ಭರವಸೆಯೂ ಇಲ್ಲ. ಹೀಗಿರುವಾಗ, ಸಾಧಾರಣ ಬೆಲೆಯ ಒಂದು ಗೇಜಿನಿಂದ ಸುಮಾರು ಒಂದು ಗಂಟೆಯೊಳಗೆ ಇಂಜಿನ್ನಿನ ಅಂತಃಸ್ಥಿತಿಯನ್ನು ಅಂಕಗಳಲ್ಲಿ ತಿಳಿಯಲು ಸಾಧ್ಯವಿರುವಾಗ, ಅಳತೆಯನ್ನೇ ಮಾಡದೆ ಇಂಜಿನ್ನನ್ನು ಬಿಚ್ಚಗೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಅಳತೆಯನ್ನು ಮಾಡುವ ಬಗೆಯನ್ನೂ, ಅದಕ್ಕಿಂತ ಕಷ್ಟವಾದುದು ಬಂದ ಅಂಕವನ್ನು ಸರಿಯಾಗಿ ಓದುವುದಾದ್ದರಿಂದ ಅದರ ಬಗೆಯನ್ನೂ, ಇಲ್ಲಿ ವಿವರಿಸಿದೆ.

ಒತ್ತಡದ ಪ್ರಾಮುಖ್ಯ

1860ರಲ್ಲಿ ಪ್ಯಾರಿಸಿನಲ್ಲಿ ಎತಿಯೆನ್ ಲೆನ್ವಾರ್ ನಿರ್ಮಿಸಿದ ಅನಿಲಯಂತ್ರವು ಇಂಧನ ಮತ್ತು ವಾಯುವಿನ ಮಿಶ್ರಣವನ್ನು ಒತ್ತದೆಯೇ ಹೊತ್ತಿಸುತ್ತಿತ್ತು. ಅದು ನುಂಗುತ್ತಿದ್ದ ಅನಿಲದ ಪ್ರಮಾಣಕ್ಕೂ ಕೊಡುತ್ತಿದ್ದ ಶಕ್ತಿಗೂ ಹೊಂದಿಕೆಯೇ ಇರಲಿಲ್ಲ. 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ, ಮಿಶ್ರಣವನ್ನು ಸಿಲಿಂಡರಿನೊಳಗೇ ಒತ್ತಿ ಆಮೇಲೆ ಹೊತ್ತಿಸತಕ್ಕ ನಾಲ್ಕು ಸ್ಟ್ರೋಕಿನ ಯಂತ್ರವನ್ನು ಸಿದ್ಧಪಡಿಸಿದ ಮೇಲೆಯೇ ಈ ಜಾತಿಯ ಇಂಜಿನ್ನುಗಳಿಗೆ ಭವಿಷ್ಯವೊಂದು ತೆರೆಯಿತು. ಇಂದು ನಮ್ಮ ರಸ್ತೆಗಳ ಮೇಲೆ ಓಡುವ ಪೆಟ್ರೋಲ್ ವಾಹನಗಳು ಆ ತತ್ತ್ವದ ವಂಶಜಗಳೇ.

ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದವರಿಗೆ ಇದರ ಮರ್ಮವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ: ಒಳಗಿನ ಗಾಳಿ ಕೈಯನ್ನು ಹಿಂದಕ್ಕೆ ನೂಕುತ್ತದೆ, ಕೊಳವೆಯ ಬುಡ ಬೆಚ್ಚಗಾಗುತ್ತದೆ, ಒಳಗಿನ ವಾಷರು ಸವೆದಿದ್ದರೆ ಆ ಪ್ರತಿರೋಧವೂ ಇಲ್ಲ, ಬಿಸಿಯೂ ಇಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಹಿಡಿದಿಡತಕ್ಕ ಕಾವಲುಗಳು ಮೂರು. ಕೆಳಗೆ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಒತ್ತಿಕೊಂಡಿರುತ್ತವೆ. ಮೇಲೆ ಒಳಹರಿವಿನ ಮತ್ತು ಹೊರಹರಿವಿನ ವಾಲ್ವುಗಳು ತಮ್ಮ ಸೀಟುಗಳ ಮೇಲೆ ಭದ್ರವಾಗಿ ಕುಳಿತಿರುತ್ತವೆ. ಬ್ಲಾಕಿಗೂ ಹೆಡ್ಡಿಗೂ ನಡುವೆ ಗ್ಯಾಸ್ಕೆಟ್ ಇರುತ್ತದೆ. ಈ ಮೂರರಲ್ಲಿ ಯಾವುದು ಶಿಥಿಲವಾದರೂ ಒತ್ತಡ ಕುಗ್ಗುತ್ತದೆ. ಗೇಜು ತೋರಿಸುವುದು ಒತ್ತಡವನ್ನು ಮಾತ್ರ. ಯಾವ ಕಾವಲು ತಪ್ಪಿತೆಂಬುದನ್ನು ಊಹಿಸಬೇಕಾದವರು ನಾವು, ಆ ಊಹೆಗೂ ಒಂದು ಶಾಸ್ತ್ರವುಂಟು.

ಇಲ್ಲಿಯೇ ಒಂದು ಭ್ರಮೆಯನ್ನು ನಿವಾರಿಸುವುದು ಒಳ್ಳೆಯದು. ಇಂಜಿನ್ನಿನ ಕಂಪ್ರೆಷನ್ ಅನುಪಾತ 9 ಎಂದಿದ್ದರೆ, ವಾಯುಮಂಡಲದ ಒತ್ತಡವಾದ 14.7 ಪಿ.ಎಸ್.ಐ.ಯನ್ನು ಒಂಬತ್ತರಿಂದ ಗುಣಿಸಿ 132 ಬರಬೇಕೆಂದು ಲೆಕ್ಕ ಹಾಕುವವರುಂಟು. ಒತ್ತಿದ ಗಾಳಿ ಕಾಯುವುದರಿಂದ ಒತ್ತಡ ಈ ಲೆಕ್ಕಕ್ಕಿಂತ ಮೇಲೇರುತ್ತದೆ. ಒಳಹರಿವಿನ ವಾಲ್ವು ಪಿಸ್ಟನ್ ಮೇಲಕ್ಕೆ ಹೊರಟ ಮೇಲೆಯೂ ಸ್ವಲ್ಪ ಹೊತ್ತು ತೆರೆದೇ ಇರುವುದರಿಂದ ಕೆಳಕ್ಕೂ ಇಳಿಯುತ್ತದೆ. ಅನುಪಾತವು ಗೇಜಿನ ಅಂಕವಲ್ಲ. ನಿಮ್ಮ ವಾಹನದ ಸರ್ವಿಸ್ ಮ್ಯಾನ್ಯುಅಲ್ಲಿನಲ್ಲಿ ಅಚ್ಚಾಗಿರುವ ಅಂಕವೇ ಪ್ರಮಾಣ.

ಗೇಜನ್ನು ಆರಿಸುವಾಗ

ರಬ್ಬರಿನ ಶಂಕುವನ್ನು ಪ್ಲಗ್ಗಿನ ರಂಧ್ರಕ್ಕೆ ಕೈಯಿಂದ ಒತ್ತಿಹಿಡಿಯುವ ಗೇಜೂ, ಪ್ಲಗ್ಗಿನಂತೆಯೇ ಮರೆಯನ್ನು ತಿರುಗಿಸಿ ಕೂರಿಸುವ ಗೇಜೂ ಅಂಗಡಿಯಲ್ಲಿ ಸಿಗುತ್ತವೆ. ಎರಡನೆಯದನ್ನೇ ಕೊಳ್ಳಿರಿ. ಒತ್ತಿಹಿಡಿಯುವ ಕೈ ತುಸು ಸಡಿಲಿದರೂ ಗಾಳಿ ಸೋರಿ, ಇಲ್ಲದ ರೋಗವನ್ನು ಇಂಜಿನ್ನಿಗೆ ಅಂಟಿಸಿದಂತಾಗುತ್ತದೆ. ಪ್ಲಗ್ಗಿನ ಮರೆಯ ವ್ಯಾಸ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ 14 ಮಿಲಿಮೀಟರ್. ಅನೇಕ ಮೋಟಾರ್ ಸೈಕಲ್ಲುಗಳಲ್ಲಿ 10 ಅಥವಾ 12. ಅದಕ್ಕೆ ಸರಿಹೊಂದುವ ಅಡಾಪ್ಟರು ಬೇಕು. ಅದರ ಉದ್ದವೂ ನಿಮ್ಮ ಪ್ಲಗ್ಗಿನ ಮರೆಯ ಉದ್ದವನ್ನು ಮೀರಕೂಡದು, ಏಕೆಂದರೆ ಒಳಕ್ಕೆ ಚಾಚಿದ ತುದಿ ಪಿಸ್ಟನ್ನಿಗೋ ವಾಲ್ವಿಗೋ ತಗಲಬಹುದು.

ಗೇಜಿನ ಕೊಳವೆಯ ತುದಿಯಲ್ಲಿ, ಎಂದರೆ ಸಿಲಿಂಡರಿಗೆ ಸೇರುವ ಬದಿಯಲ್ಲಿ, ಟೈರಿನ ವಾಲ್ವ್ ಪಿನ್ನಿನಂತೆ ಕಾಣುವ ಸಣ್ಣ ಭಾಗವೊಂದಿರುತ್ತದೆ. ಬಂದ ಒತ್ತಡವನ್ನು ಹಿಂದಕ್ಕೆ ಹೋಗಗೊಡದೆ ಸೂಜಿಯನ್ನು ನಿಲ್ಲಿಸುವುದು ಅದರ ಕೆಲಸ. ರೂಪದಲ್ಲಿ ಟೈರಿನ ಪಿನ್ನಿನಂತೆಯೇ ಇದ್ದರೂ ಇದರ ಸ್ಪ್ರಿಂಗು ಬಹಳ ಮೃದು. ಇದು ಕೆಟ್ಟಾಗ ಪಂಚರ್ ಅಂಗಡಿಯ ಪಿನ್ನನ್ನು ತಂದು ಹಾಕಿದರೆ ಗೇಜು ಆರೋಗ್ಯವಂತ ಇಂಜಿನ್ನಿನಲ್ಲಿಯೂ ಕಡಿಮೆ ಅಂಕವನ್ನೇ ತೋರಿಸುತ್ತದೆ. ಈ ಭಾಗ ಸಿಲಿಂಡರಿನ ಬದಿಗಿರದೆ ಗೇಜಿನ ಬುಡದಲ್ಲಿದ್ದರೆ ಇನ್ನೊಂದು ತೊಡಕು: ಕೊಳವೆಯೊಳಗಿನ ಖಾಲಿ ಜಾಗವೂ ದಹನಕೋಷ್ಠಕ್ಕೆ ಸೇರಿದಂತಾಗಿ ಒತ್ತಡ ಕುಗ್ಗುತ್ತದೆ. ದೊಡ್ಡ ಕಾರಿನಲ್ಲಿ ಇದು ಅಷ್ಟಾಗಿ ಬಾಧಿಸದು, 100 ಸಿ.ಸಿ. ಬೈಕಿನಲ್ಲಿ ಮಾತ್ರ ಅನರ್ಥಕ್ಕೇ ಕಾರಣವಾದೀತು. ಬೈಕಿಗಾಗಿ ಕೊಳ್ಳುವವರು ಇದನ್ನು ಅಂಗಡಿಯಲ್ಲಿಯೇ ಬಿಚ್ಚಿ ನೋಡತಕ್ಕದ್ದು.

ಪರೀಕ್ಷೆಯ ಕ್ರಮ

ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದೆ. ಗಾಡಿ ತೆರೆದ ಜಾಗದಲ್ಲಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ.

1. ಟ್ಯಾಪೆಟ್ ಸಂದನ್ನು ಕೈಯಿಂದ ಹೊಂದಿಸತಕ್ಕ ಇಂಜಿನ್ನಾದರೆ, ಪರೀಕ್ಷೆಗೆ ಮೊದಲೇ, ಮ್ಯಾನ್ಯುಅಲ್ ವಿಧಿಸಿದ ಉಷ್ಣಸ್ಥಿತಿಯಲ್ಲಿ, ಅದನ್ನು ಪರಿಶೀಲಿಸಿರಿ. ಸಂದು ತೀರ ಬಿಗಿಯಾಗಿದ್ದರೆ ವಾಲ್ವು ಪೂರ್ಣವಾಗಿ ಮುಚ್ಚದು. ಸ್ಕ್ರೂಡ್ರೈವರಿನ ಕಾಲು ಸುತ್ತಿನಿಂದ ಹೋಗುವ ದೋಷಕ್ಕೆ ಹೆಡ್ಡನ್ನೇ ಇಳಿಸಿದ ಪ್ರಸಂಗಗಳು ಗ್ಯಾರೇಜುಗಳಲ್ಲಿ ಅಪರೂಪವಲ್ಲ.

2. ಇಂಜಿನ್ ತಣ್ಣಗಿರುವಾಗ ಪ್ಲಗ್ಗುಗಳ ಸುತ್ತಣ ಕಸವನ್ನು ಗಾಳಿಯಿಂದ ಊದಿ ತೆಗೆದು, ಪ್ರತಿಯೊಂದು ಪ್ಲಗ್ಗನ್ನೂ ಅರ್ಧ ಸುತ್ತು ಸಡಿಲಿಸಿ ಮತ್ತೆ ಮಿತವಾಗಿ ಬಿಗಿಯಿರಿ. ಅಲ್ಯೂಮಿನಿಯಂ ಹೆಡ್ಡು ಕಾದಿರುವಾಗ, ವರ್ಷಗಟ್ಟಲೆ ಅಲುಗದೆ ಕುಳಿತ ಪ್ಲಗ್ಗನ್ನು ಬಲದಿಂದ ತಿರುಗಿಸಿದರೆ ಮರೆಯೇ ಕಿತ್ತು ಬರುವ ಭಯವುಂಟು.

3. ಇಂಜಿನ್ನನ್ನು ಚಾಲೂ ಮಾಡಿ, ಉಷ್ಣಮಾಪಕದ ಮುಳ್ಳು ಸಹಜ ಸ್ಥಾನಕ್ಕೆ ಬರುವವರೆಗೆ ಬಿಸಿಮಾಡಿರಿ. ಬಿಸಿಯಲ್ಲಿ ಪಿಸ್ಟನ್ನೂ ರಿಂಗುಗಳೂ ಹಿಗ್ಗಿ ತಮ್ಮ ನೈಜ ಸ್ಥಿತಿಗೆ ಬರುತ್ತವೆ. ಮ್ಯಾನ್ಯುಅಲ್ಲಿನ ಅಂಕವೂ ಸಾಮಾನ್ಯವಾಗಿ ಬಿಸಿ ಇಂಜಿನ್ನಿಗೆ ಸಂಬಂಧಪಟ್ಟದ್ದು. ಚಾಲೂ ಆಗಲೊಲ್ಲದ ಗಾಡಿಯನ್ನು ತಣ್ಣಗಿರುವಾಗಲೇ ಅಳೆಯಬೇಕಾಗುತ್ತದೆ. ಆಗ ಒಂದು ಸಿಲಿಂಡರನ್ನು ಇನ್ನೊಂದರೊಡನೆ ಹೋಲಿಸಬಹುದೇ ಹೊರತು ಮ್ಯಾನ್ಯುಅಲ್ಲಿನೊಡನೆ ಹೋಲಿಸಲಾಗದು.

4. ಇಂಜಿನ್ ನಿಲ್ಲಿಸಿ, ಇಂಧನವನ್ನೂ ಕಿಡಿಯನ್ನೂ ಕಡಿದುಹಾಕಿರಿ. ಫ್ಯೂಯಲ್ ಪಂಪಿನ ಫ್ಯೂಸನ್ನೋ ಇಂಜೆಕ್ಟರುಗಳ ಕನೆಕ್ಟರುಗಳನ್ನೋ ತೆಗೆದರೆ ಇಂಧನ ನಿಲ್ಲುತ್ತದೆ. ಇಗ್ನಿಷನ್ ಕಾಯಿಲ್‌ಗೆ ಬರುವ ಕನೆಕ್ಟರನ್ನು ಬಿಡಿಸಿದರೆ ಕಿಡಿ ನಿಲ್ಲುತ್ತದೆ. ಇದರಲ್ಲಿ ಉದಾಸೀನ ಸಲ್ಲದು. ಪ್ಲಗ್ಗಿನ ತೆರೆದ ರಂಧ್ರದಿಂದ ಪೆಟ್ರೋಲಿನ ಆವಿ ಚಿಮ್ಮುತ್ತಿರುವಾಗ ಪಕ್ಕದಲ್ಲೊಂದು ವೈರು ಕಿಡಿ ಕಾರಿದರೆ ಬೆಂಕಿಗೆ ಬೇರೆ ಆಹ್ವಾನ ಬೇಕಿಲ್ಲ; ಅರ್ತ್ ಇಲ್ಲದೆ ಕಿಡಿಸಿದರೆ ಕಾಯಿಲ್ಲೂ ಸುಟ್ಟುಹೋದೀತು.

5. ಎಲ್ಲ ಪ್ಲಗ್ಗುಗಳನ್ನೂ ತೆಗೆಯಿರಿ. ಅಳೆಯುವ ಸಿಲಿಂಡರಿನದನ್ನು ಮಾತ್ರವಲ್ಲ. ಉಳಿದವನ್ನು ಬಿಟ್ಟರೆ ಸ್ಟಾರ್ಟರಿಗೆ ಭಾರ ಹೆಚ್ಚಿ ಇಂಜಿನ್ ನಿಧಾನವಾಗಿ ತಿರುಗುತ್ತದೆ, ಅಂಕ ಇಳಿಯುತ್ತದೆ. ತೆಗೆದ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲಿಯೇ ಸಾಲಾಗಿಡಿರಿ. ಆಯಿಲ್ ಮೆತ್ತಿಕೊಂಡ ಪ್ಲಗ್ಗು ಯಾವ ಸಿಲಿಂಡರಿನದೆಂಬುದು ಮುಂದೆ ಉಪಯೋಗಕ್ಕೆ ಬರುವ ಸಾಕ್ಷ್ಯ.

6. ಗೇಜನ್ನು ಒಂದನೆಯ ಸಿಲಿಂಡರಿಗೆ ಕೈಯಿಂದಲೇ ತಿರುಗಿಸಿ ಕೂರಿಸಿರಿ, ಸ್ಪ್ಯಾನರು ಬೇಡ. ಸಹಾಯಕನೊಬ್ಬ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಲಿ. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಬಾರದು. ಬಾರದ ಗಾಳಿಯನ್ನು ಒತ್ತುವುದೆಂತು? ಈ ಪರೀಕ್ಷೆಯಲ್ಲಿ ನಡೆಯುವ ತಪ್ಪುಗಳಲ್ಲೆಲ್ಲ ಇದೇ ಅಗ್ರಗಣ್ಯ.

7. ಸೆಲ್ಫ್ ಹೊಡೆದು, ಸೂಜಿ ಮೇಲೇರುವುದು ನಿಲ್ಲುವವರೆಗೆ, ಎಂದರೆ ಸುಮಾರು ಐದಾರು ಕಂಪ್ರೆಷನ್ ಹೊಡೆತಗಳಷ್ಟು ಕಾಲ, ಇಂಜಿನ್ನನ್ನು ತಿರುಗಿಸಿರಿ. ಮೊದಲನೆಯ ಹೊಡೆತಕ್ಕೆ ಸೂಜಿ ಎಷ್ಟಕ್ಕೆ ನೆಗೆಯಿತು, ಕೊನೆಗೆ ಎಲ್ಲಿ ನಿಂತಿತು, ಈ ಎರಡನ್ನೂ ಬರೆಯಿರಿ. ಎಲ್ಲ ಸಿಲಿಂಡರುಗಳಿಗೂ ಹೊಡೆತಗಳ ಎಣಿಕೆ ಒಂದೇ ಆಗಿರಬೇಕು. ಸ್ಟಾರ್ಟರನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ದುಡಿಸದೆ, ನಡುನಡುವೆ ವಿಶ್ರಾಂತಿ ಕೊಡಿರಿ.

8. ಗೇಜಿನ ಗುಂಡಿಯನ್ನೊತ್ತಿ ಗಾಳಿ ಬಿಟ್ಟು ಸೂಜಿಯನ್ನು ಸೊನ್ನೆಗೆ ತಂದು, ಮುಂದಿನ ಸಿಲಿಂಡರಿಗೆ ಹೋಗಿರಿ. ಎಲ್ಲ ಮುಗಿದ ಮೇಲೆ, ಸಂಶಯ ಹುಟ್ಟಿಸಿದ ಸಿಲಿಂಡರನ್ನು ಮತ್ತೊಮ್ಮೆ ಅಳೆಯಿರಿ.

ಅಂಕಗಳನ್ನು ಓದುವ ಬಗೆ

ಮ್ಯಾನ್ಯುಅಲ್ಲಿನಲ್ಲಿ ಸಾಧಾರಣವಾಗಿ ಮೂರು ಅಂಕಗಳಿರುತ್ತವೆ: ಆದರ್ಶವಾದ ಒತ್ತಡ, ಸಹಿಸಬಹುದಾದ ಕನಿಷ್ಠ ಒತ್ತಡ, ಮತ್ತು ಸಿಲಿಂಡರು ಸಿಲಿಂಡರಿಗೂ ಇರಬಹುದಾದ ಗರಿಷ್ಠ ವ್ಯತ್ಯಾಸ. ಅಂಕಗಳು ಬೇರೆ ಬೇರೆ ಮಾನದಲ್ಲಿದ್ದರೆ, 1 ಬಾರ್ ಎಂದರೆ 14.5 ಪಿ.ಎಸ್.ಐ., ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಎಂದರೆ 14.2 ಪಿ.ಎಸ್.ಐ. ಎಂದು ತಿಳಿಯಿರಿ. ಮ್ಯಾನ್ಯುಅಲ್ ದೊರೆಯದ ಪಕ್ಷದಲ್ಲಿ, ಸ್ವಸ್ಥವಾದ ಪೆಟ್ರೋಲ್ ಕಾರುಗಳ ಅಂಕ ಬಹುಮಟ್ಟಿಗೆ 130ರಿಂದ 190 ಪಿ.ಎಸ್.ಐ. ನಡುವೆ ಬೀಳುತ್ತದೆಂದೂ, 100ಕ್ಕಿಂತ ಕೆಳಗಿಳಿದದ್ದು ಚಿಂತೆಗೆ ಆಸ್ಪದವೆಂದೂ, ಅತಿ ಕಡಿಮೆಯ ಅಂಕ ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿರಬಾರದೆಂದೂ ಸ್ಥೂಲವಾಗಿ ಹೇಳಬಹುದು.

ಇವುಗಳಲ್ಲಿ ನಾನು ಹೆಚ್ಚಿನ ಬೆಲೆ ಕೊಡುವುದು ಕೊನೆಯದಕ್ಕೆ. ಪ್ರತ್ಯೇಕವಾದ ಒಂದು ಅಂಕವನ್ನು ಬ್ಯಾಟರಿಯ ಬಲ, ಇಂಜಿನ್ನಿನ ಬಿಸಿ, ಗೇಜಿನ ನಿಷ್ಕೃಷ್ಟತೆ, ಕಡೆಗೆ ನೀವು ನಿಂತಿರುವ ಊರಿನ ಎತ್ತರ ಇವೆಲ್ಲವೂ ಮೇಲಕ್ಕೋ ಕೆಳಕ್ಕೋ ಎಳೆಯುತ್ತವೆ. ಎತ್ತರದ ಮಾತನ್ನು ನಮ್ಮಲ್ಲಿ ಗಮನಿಸುವವರು ವಿರಳವಾದ್ದರಿಂದ ತುಸು ವಿಸ್ತರಿಸುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ವಾಯುವಿನ ಒತ್ತಡ ಕಡಲತೀರದ ಒತ್ತಡಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಸಿಲಿಂಡರು ಒಳಕ್ಕೆಳೆದುಕೊಳ್ಳುವುದು ಆ ತೆಳುವಾದ ಗಾಳಿಯನ್ನೇ ಆದ್ದರಿಂದ, ಮಂಗಳೂರಿನಲ್ಲಿ 170 ತೋರಿಸಿದ ಇಂಜಿನ್ನು ಬೆಂಗಳೂರಿನಲ್ಲಿ, ಯಾವ ದೋಷವೂ ಇಲ್ಲದೆಯೇ, 152ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಡಿಕೇರಿಯಲ್ಲಿ ಇನ್ನೂ ತುಸು ಕೆಳಗೆ. ಕಡಲಮಟ್ಟಕ್ಕೆಂದು ಬರೆದ ಅಂಕವನ್ನು ಮುಂದಿಟ್ಟುಕೊಂಡು ಮಲೆನಾಡಿನ ಇಂಜಿನ್ನನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಈ ಕಾರಣಗಳೆಲ್ಲ ಎಲ್ಲ ಸಿಲಿಂಡರುಗಳನ್ನೂ ಸಮನಾಗಿಯೇ ಬಾಧಿಸುವುದರಿಂದ, ಸಿಲಿಂಡರುಗಳ ಪರಸ್ಪರ ತಾರತಮ್ಯ ಮಾತ್ರ ಕದಲದೆ ಉಳಿಯುತ್ತದೆ. ಅದನ್ನು ನಂಬಬಹುದು.

ಎಲ್ಲ ಅಂಕಗಳೂ ಹೆಚ್ಚುಕಡಿಮೆ ಸಮನಾಗಿ, ಮಿತಿಯೊಳಗೇ ಇದ್ದರೆ, ಮೊದಲು ಸಂದೇಹಿಸಬೇಕಾದುದು ಇಂಜಿನ್ನಿನ ಒಳಗನ್ನಲ್ಲ. ಪ್ಲಗ್ಗು, ಕಾಯಿಲ್, ಇಂಧನ, ಗಾಳಿ ಇವುಗಳ ಕಡೆಗೆ ತಿರುಗಿರಿ. ಇಂಜಿನ್ ಇಳಿಸಬೇಕೆಂಬ ಮಾತಿಗೆ ಆಗ ಆಧಾರ ಕೇಳುವ ಹಕ್ಕು ನಿಮಗುಂಟು.

ನಾಲ್ಕು ಸಿಲಿಂಡರುಗಳಲ್ಲಿ 160, 155, 105, 158 ಎಂದು ಬಂದಿತೆನ್ನಿ. ಮುಕ್ಕಾಲು ಭಾಗದ ಲೆಕ್ಕದಲ್ಲಿ ಕನಿಷ್ಠ 120 ಇರಬೇಕಾಗಿದ್ದುದರಿಂದ ಮೂರನೆಯ ಸಿಲಿಂಡರು ದೋಷಯುಕ್ತವೆಂಬುದು ಖಚಿತ. ಇಲ್ಲಿ ಮೊದಲ ಹೊಡೆತದ ಅಂಕ ನೆರವಿಗೆ ಬರುತ್ತದೆ. ಒಳ್ಳೆಯ ಸಿಲಿಂಡರಿನಲ್ಲಿ ಸೂಜಿ ಮೊದಲ ಹೊಡೆತಕ್ಕೇ ಅರ್ಧಕ್ಕಿಂತ ಮೇಲೆ ನೆಗೆದು, ಮುಂದಿನ ಕೆಲವು ಹೊಡೆತಗಳಲ್ಲಿ ತುದಿ ಮುಟ್ಟುತ್ತದೆ. ಮೊದಲು ತೀರ ಕೆಳಗಿದ್ದು, ಹೊಡೆತ ಹೊಡೆತಕ್ಕೂ ಸ್ವಲ್ಪ ಸ್ವಲ್ಪವೇ ಏರುತ್ತ ಬಂದರೂ ಸಹಜಮಟ್ಟವನ್ನು ಮುಟ್ಟದಿದ್ದರೆ, ಸವೆದ ರಿಂಗುಗಳ ಮೇಲೆ ಅನುಮಾನ. ಮೊದಲ ಹೊಡೆತಕ್ಕೆ ಕಡಿಮೆ ಬಂದು, ಆಮೇಲೆಯೂ ಹೇಳಿಕೊಳ್ಳುವಷ್ಟು ಏರದೆ ಅಲ್ಲಿಯೇ ನಿಂತರೆ, ವಾಲ್ವಿನ ಮೇಲೆ. ಇದು ಸೂಚನೆ ಮಾತ್ರ, ಸಿದ್ಧಾಂತವಲ್ಲ.

ಅಕ್ಕಪಕ್ಕದ ಎರಡು ಸಿಲಿಂಡರುಗಳು ಜೊತೆಗೂಡಿ ಕುಸಿದಿದ್ದರೆ, ಉದಾಹರಣೆಗೆ 160, 158, 90, 95 ಎಂದಿದ್ದರೆ, ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಒಡೆದು ಒಂದರ ಗಾಳಿ ಇನ್ನೊಂದಕ್ಕೆ ನುಗ್ಗುತ್ತಿರುವ ಸಂಭವವೇ ಹೆಚ್ಚು. ಗಾಡಿ ಹಿಂದೊಮ್ಮೆ ಕಾದು ನಿಂತಿತ್ತೆ, ರೇಡಿಯೇಟರಿನ ನೀರು ಕಾರಣವಿಲ್ಲದೆ ಇಳಿಯುತ್ತಿದೆಯೆ, ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆಯೆ ಎಂದು ಕೂಡಲೆ ವಿಚಾರಿಸತಕ್ಕದ್ದು. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ತೆರೆಯಬಾರದು.

ಎಲ್ಲ ಸಿಲಿಂಡರುಗಳೂ ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸಿದಾಗ, ಇಂಜಿನ್ನನ್ನು ದೂರುವ ಮೊದಲು ಪರೀಕ್ಷೆಯನ್ನೇ ಸಂಶಯಿಸಿರಿ: ಥ್ರಾಟಲ್ ಪೂರ್ತಿ ತೆರೆದಿತ್ತೆ, ಬ್ಯಾಟರಿ ಸೋತಿರಲಿಲ್ಲವೆ, ಹಿಂದಿನ ಸ್ಟಾರ್ಟಿಂಗ್ ಪ್ರಯತ್ನಗಳಲ್ಲಿ ಪೆಟ್ರೋಲು ಹರಿದು ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆದುಬಿಟ್ಟಿರಲಿಲ್ಲವೆ? ಇವೆಲ್ಲ ಸರಿಯಾಗಿದ್ದರೆ ಎರಡು ಸಾಧ್ಯತೆಗಳುಳಿಯುತ್ತವೆ. ಒಂದು, ಬಹುಕಾಲದ ಸವೆತ. ಇನ್ನೊಂದು, ಟೈಮಿಂಗ್ ಬೆಲ್ಟೋ ಚೈನೋ ಒಂದೆರಡು ಹಲ್ಲು ಜಾರಿ, ವಾಲ್ವುಗಳು ತೆರೆಯುವ ಮುಚ್ಚುವ ಕಾಲವೇ ತಪ್ಪಿರುವುದು. ಎರಡನೆಯದನ್ನು ಪರಿಶೀಲಿಸದೆ ಬೋರ್ ಮಾಡಿಸಲು ಹೊರಡುವುದು ಘೋರವಾದ ಅಪವ್ಯಯ.

ಅಂಕ ಸೊನ್ನೆಯಾದರೆ, ಅಥವಾ ಸೊನ್ನೆಗೆ ಸಮೀಪವಾದರೆ, ಸುಟ್ಟ ಅಥವಾ ಬಾಗಿದ ವಾಲ್ವು, ಮುರಿದ ರಾಕರ್, ತೂತಾದ ಪಿಸ್ಟನ್ ಇವುಗಳಲ್ಲೊಂದು. ಆಗ ಹೆಡ್ಡು ಇಳಿಯಲೇಬೇಕು. ವಿಧಿಸಿದ್ದಕ್ಕಿಂತ ಹೆಚ್ಚು ಬಂದರೆ ಹಿಗ್ಗಬೇಡಿರಿ: ದಹನಕೋಷ್ಠದಲ್ಲಿ ಇಂಗಾಲ ಗಟ್ಟಿಯಾಗಿ ಕಟ್ಟಿ ಜಾಗವನ್ನು ಕಿರಿದು ಮಾಡಿರಬಹುದು, ಇಲ್ಲವೆ ಹಿಂದಿನ ದುರಸ್ತಿಯಲ್ಲಿ ಹೆಡ್ಡನ್ನು ಹೆಚ್ಚಾಗಿ ಉಜ್ಜಿಸಿರಬಹುದು, ಏರು ಹತ್ತುವಾಗ ಇಂಜಿನ್ ಕಟಕಟನೆ ನಾಕ್ ಹೊಡೆಯುವುದಕ್ಕೆ ಇದೇ ಕಾರಣವಾಗಿದ್ದೀತು.

ಆಯಿಲ್ ಹಾಕಿ ಮರುಪರೀಕ್ಷೆ

ಕಡಿಮೆ ಬಂದ ಸಿಲಿಂಡರಿನ ಪ್ಲಗ್ ರಂಧ್ರದ ಮೂಲಕ ಒಂದು ಟೀ ಚಮಚದಷ್ಟು, ಎಂದರೆ ಸುಮಾರು 5 ಮಿಲಿಲೀಟರ್ ಇಂಜಿನ್ ಆಯಿಲ್ ಬಿಟ್ಟು, ಕೆಲವು ಸುತ್ತು ತಿರುಗಿಸಿ ಅದನ್ನು ಹರಡಿ, ಮತ್ತೆ ಅಳೆಯಿರಿ. ಆಯಿಲ್ ಪಿಸ್ಟನ್ನಿನ ಅಂಚಿಗೆ ಇಳಿದು ರಿಂಗುಗಳ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ವಾಲ್ವಿನ ಸೋರಿಕೆಯನ್ನು ಅದು ಮುಚ್ಚಲಾರದು. ಆದ್ದರಿಂದ ಮೇಲಿನ ಉದಾಹರಣೆಯಲ್ಲಿ 105 ಇದ್ದುದು 145ಕ್ಕೆ ಏರಿದರೆ ದೋಷ ರಿಂಗು ಮತ್ತು ಬೋರಿನಲ್ಲಿ. 110ಕ್ಕೆ ನಿಂತರೆ ವಾಲ್ವು ಅಥವಾ ಗ್ಯಾಸ್ಕೆಟ್ಟಿನಲ್ಲಿ. ವಾಲ್ವಿನದಾದರೆ ಹೆಡ್ ಇಳಿಸಿ ವಾಲ್ವ್ ಕೂರಿಸಿದರೆ ಸಾಕು, ಬ್ಲಾಕನ್ನು ಮುಟ್ಟಬೇಕಾಗಿಲ್ಲ. ಎರಡು ದುರಸ್ತಿಗಳ ಖರ್ಚಿನಲ್ಲಿರುವ ಅಂತರವನ್ನು ಬಲ್ಲವರಿಗೆ ಆ ಒಂದು ಚಮಚ ಆಯಿಲಿನ ಬೆಲೆ ತಿಳಿಯದಿರದು.

ಪ್ರಮಾಣದ ವಿಷಯದಲ್ಲಿ ಎಚ್ಚರ ಅಗತ್ಯ. ದ್ರವವು ಒತ್ತಡಕ್ಕೆ ಕುಗ್ಗದು. ಅದು ತುಂಬಿದಷ್ಟು ಜಾಗ ಗಾಳಿಗೆ ಕಡಿಮೆಯಾಗುತ್ತದೆ. ಅನುಪಾತ 9 ಇರುವ 100 ಸಿ.ಸಿ. ಬೈಕಿನ ದಹನಕೋಷ್ಠ ಹನ್ನೆರಡೂವರೆ ಸಿ.ಸಿ. ಮಾತ್ರ. ಅಲ್ಲಿಗೆ 5 ಮಿಲಿಲೀಟರ್ ಸುರಿದರೆ ಉಳಿಯುವುದು ಏಳೂವರೆ. ಅನುಪಾತ 14ನ್ನು ಮೀರುತ್ತದೆ. ರಿಂಗುಗಳು ಹೇಗೇ ಇರಲಿ, ಸೂಜಿ ಏರಿಯೇ ಏರುತ್ತದೆ! ಸಣ್ಣ ಇಂಜಿನ್ನಿಗೆ ಒಂದೆರಡು ಮಿಲಿಲೀಟರ್ ಸಾಕು. ಕಾರಿನಲ್ಲಿಯೂ, ಅಷ್ಟೇ ಆಯಿಲನ್ನು ಒಳ್ಳೆಯ ಸಿಲಿಂಡರೊಂದಕ್ಕೂ ಹಾಕಿ ಅದು ಎಷ್ಟು ಏರಿತೆಂದು ನೋಡಿ, ಆ ಏರಿಕೆಗಿಂತ ಹೆಚ್ಚಿನದನ್ನು ಮಾತ್ರ ರಿಂಗಿನ ಲೆಕ್ಕಕ್ಕೆ ಹಿಡಿಯುವುದು ವಿವೇಕ. ಪಿಸ್ಟನ್ ತೂತಾಗಿದ್ದರೆ ಆಯಿಲ್ ಹಾಕಿದರೂ ಅಂಕ ಏರದೆಂಬುದನ್ನೂ ಮರೆಯಬಾರದು.

ಬೈಕು, ಆಟೋ, ಡೀಸೆಲ್

ಒಂದೇ ಸಿಲಿಂಡರಿನ ಬೈಕಿನಲ್ಲಿ ಹೋಲಿಕೆಗೆ ಜೊತೆಗಾರನಿಲ್ಲವಾದ್ದರಿಂದ ಮ್ಯಾನ್ಯುಅಲ್ಲಿನ ಅಂಕ ಅನಿವಾರ್ಯ. ಕಿಕ್ಕರಿನಿಂದ ಅಳೆಯುವವರು ಥ್ರಾಟಲ್ಲನ್ನು ಪೂರ್ತಿ ತಿರುವಿ ಹಿಡಿದು, ಸೂಜಿ ನಿಲ್ಲುವವರೆಗೆ ಬಲವಾಗಿ ಕಿಕ್ ಹೊಡೆಯತಕ್ಕದ್ದು. ಕೆಲವು ಬೈಕುಗಳ ಕ್ಯಾಮಿನಲ್ಲಿ, ಸ್ಟಾರ್ಟಿಂಗ್ ಸುಲಭವಾಗಲೆಂದು ಕಡಿಮೆ ವೇಗದಲ್ಲಿ ಹೊರಹರಿವಿನ ವಾಲ್ವನ್ನು ತುಸುವೇ ಎತ್ತಿಹಿಡಿಯುವ ಡಿಕಂಪ್ರೆಸರ್ ವ್ಯವಸ್ಥೆಯಿರುತ್ತದೆ. ಅಂಥವುಗಳಲ್ಲಿ ಕಡಿಮೆ ಅಂಕವೇ ಸಹಜ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗಿ, ಇಂದಿಗೂ ಅಭಿಮಾನಿಗಳು ಜತನದಿಂದ ಓಡಿಸುತ್ತಿರುವ ಯೆಜ್ಡಿಯಂಥ ಎರಡು ಸ್ಟ್ರೋಕಿನ ಬೈಕುಗಳಲ್ಲಿ ವಾಲ್ವುಗಳೇ ಇಲ್ಲ. ಅಂಕ ಕುಸಿದರೆ ರಿಂಗು, ಬೋರು, ಹೆಡ್ಡಿನ ಜೋಡಣೆ ಇವಿಷ್ಟೇ ವಿಚಾರಾರ್ಹ. ಕ್ರ್ಯಾಂಕಿನ ಸೀಲ್ ಸೋರುತ್ತಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯಲಾರದು.

ಗ್ಯಾಸಿನಲ್ಲಿ ಓಡುವ ಆಟೋಗಳವರು ಟ್ಯಾಪೆಟ್ಟಿನ ಮೇಲೆ ವಿಶೇಷವಾಗಿ ಕಣ್ಣಿಟ್ಟಿರಬೇಕು. ಎಲ್.ಪಿ.ಜಿ.ಯಲ್ಲೂ ಸಿ.ಎನ್.ಜಿ.ಯಲ್ಲೂ ವಾಲ್ವಿನ ಸೀಟುಗಳು ಬೇಗ ಸವೆಯುವ ಸಂಭವವುಂಟು. ಸೀಟು ಸವೆದಂತೆ ವಾಲ್ವು ಒಳಕ್ಕೆ ಕುಳಿತು ಟ್ಯಾಪೆಟ್ಟಿನ ಸಂದು ಮುಚ್ಚುತ್ತ ಬರುತ್ತದೆ, ಕಡೆಗೆ ವಾಲ್ವೇ ಮುಚ್ಚದೆ ಸುಡುತ್ತದೆ. ಕಾಲಕಾಲಕ್ಕೆ ಸಂದನ್ನು ಹೊಂದಿಸಿಕೊಂಡರೆ ಈ ಹಾನಿಯನ್ನು ಬಹುಕಾಲ ಮುಂದೂಡಬಹುದು.

ಡೀಸೆಲ್ ಇಂಜಿನ್ನಿನ ಮೇಲೆ ಪೆಟ್ರೋಲಿನ ಗೇಜನ್ನು ಪ್ರಯೋಗಿಸಲೇಬೇಡಿರಿ. ಅಲ್ಲಿಯ ಒತ್ತಡ 350ರಿಂದ 500 ಪಿ.ಎಸ್.ಐ.ವರೆಗೂ ಹೋಗುವುದರಿಂದ, 300ರವರೆಗಿನ ಗೇಜು ಒಡೆದು ಅಪಾಯ ತಂದೀತು. ಆಯಿಲ್ ಹಾಕುವ ಮರುಪರೀಕ್ಷೆಯಂತೂ ನಿಷಿದ್ಧ: ಒತ್ತಡದ ಬಿಸಿಗೆ ಆಯಿಲೇ ಹೊತ್ತಿಕೊಳ್ಳಬಹುದು, ಅಥವಾ ಪಿಸ್ಟನ್ನಿಗೂ ಹೆಡ್ಡಿಗೂ ಇರುವ ಅತ್ಯಲ್ಪ ಜಾಗದಲ್ಲಿ ದ್ರವ ಸಿಕ್ಕಿ ಕನೆಕ್ಟಿಂಗ್ ರಾಡ್ ಬಾಗಬಹುದು. ಇದು ಬಲ್ಲವರ ಕೈಗೇ ಬಿಡತಕ್ಕ ಕಾರ್ಯ.

ದುರಸ್ತಿಗೆ ಒಪ್ಪುವ ಮುನ್ನ

ಅಂಕ ಕಡಿಮೆಯೆಂದು ಖಚಿತವಾದ ಮೇಲೂ, ಸೌಕರ್ಯವಿರುವ ಗ್ಯಾರೇಜಿನಲ್ಲಿ ಗಾಳಿ ಸೋರಿಕೆಯ ಪರೀಕ್ಷೆಯನ್ನು ಕೇಳಿ ಮಾಡಿಸಿರಿ. ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು ನಿಲ್ಲಿಸಿ, ಎರಡೂ ವಾಲ್ವುಗಳು ಮುಚ್ಚಿರುವಾಗ ಕಂಪ್ರೆಸರಿನಿಂದ ಗಾಳಿ ತುಂಬಿದರೆ, ಅದು ಎಲ್ಲಿ ಹೊರಡುತ್ತದೆಂಬುದನ್ನು ಕಿವಿಯಿಂದಲೇ ಅರಿಯಬಹುದು. ಸೈಲೆನ್ಸರಿನಲ್ಲಿ ಸುಯ್ಯೆಂದರೆ ಹೊರಹರಿವಿನ ವಾಲ್ವು; ಏರ್ ಫಿಲ್ಟರಿನ ಬಾಯಲ್ಲಿ ಕೇಳಿದರೆ ಒಳಹರಿವಿನದು; ಆಯಿಲ್ ಮುಚ್ಚಳದಲ್ಲಿ ಹೆಚ್ಚಾಗಿ ಬಂದರೆ ರಿಂಗು; ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು ಅಥವಾ ಬಿರುಕು. ಗಾಳಿಯ ಬಲಕ್ಕೆ ಕ್ರ್ಯಾಂಕ್ ಥಟ್ಟನೆ ತಿರುಗುವುದುಂಟಾದ್ದರಿಂದ ಬೆಲ್ಟು, ಫ್ಯಾನುಗಳ ಬಳಿ ಕೈಯಿಡಬಾರದು.

ಬೋರ್ ಮಾಡಿಸಲೇಬೇಕೆಂದು ತೀರ್ಮಾನವಾದರೆ, ಲೇತಿನವರು ಸಿಲಿಂಡರಿನ ವ್ಯಾಸವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ತೋರಿಸಲೆಂದು ಕೇಳಿರಿ. ಸವೆತ ಮಿತಿಯೊಳಗಿದ್ದರೆ ಹೋನಿಂಗ್ ಮಾಡಿ ಹೊಸ ರಿಂಗು ಹಾಕಿದರೆ ಸಾಕಾದೀತು. ಮೀರಿದ್ದರೆ ಮಾತ್ರ ಓವರ್‌ಸೈಜ್ ಪಿಸ್ಟನ್. ಸವೆತಕ್ಕೆ ಮೂಲವಾದ ಧೂಳು ಹರಿದ ಏರ್ ಫಿಲ್ಟರಿನಿಂದಲೋ ಸಡಿಲವಾದ ಕೊಳವೆಯಿಂದಲೋ ನುಗ್ಗುತ್ತಿದ್ದರೆ ಅದನ್ನೂ ಆಗಲೇ ಸರಿಪಡಿಸತಕ್ಕದ್ದು. ಇಲ್ಲವಾದರೆ ಹೊಸ ರಿಂಗುಗಳಿಗೂ ಅದೇ ಗತಿ.

ಹೊಸ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳಲು ಕಾಲ ಬೇಕಾದ್ದರಿಂದ, ದುರಸ್ತಿಯಾದ ಮರುದಿನವೇ ಅಳೆದು ನಿರಾಶರಾಗಬೇಡಿರಿ. ರನ್ನಿಂಗ್-ಇನ್ ಅವಧಿ ಮುಗಿದ ಮೇಲೆ, ಅದೇ ಗೇಜಿನಿಂದ, ಅದೇ ಕ್ರಮದಲ್ಲಿ ಅಳೆದು, ದಿನಾಂಕ, ಓಡಿದ ಕಿಲೋಮೀಟರು, ಊರು, ಇಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ ಎಂಬುದರೊಂದಿಗೆ ಪ್ರತಿ ಸಿಲಿಂಡರಿನ ಎರಡೂ ಅಂಕಗಳನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಸಲ ಯಾರಾದರೂ ಕಂಪ್ರೆಷನ್ ಹೋಗಿದೆಯೆಂದಾಗ, ಹೊಸ ಅಂಕವನ್ನು ಹೋಲಿಸಬೇಕಾದುದು ಆ ಪುಟದೊಡನೆ.